ಸಡಿಲು

ಮೊದಲು ಕೋಲು ಬೀಸಬೇಕು.
ಐದು ಗುಂಡು ಕೂರಿಸಿದ ಕೋಲು. ದೆವ್ವ ಬಿಡಿಸುವವಳ ಹಾಗೆ
ಖಾಲಿ ಕೋಣೆಯಲ್ಲಿ ಮೇಲೆ, ಕೆಳಗೆ,
ಮೂಲೆ ಮೂಲೆಗೆ ಬೀಸುತ್ತ ತಿರುಗುತ್ತೇನೆ.
ತಾವು ಎಲ್ಲಿ ನಿಂತಿದ್ದೇವೆ ಎಂಬುದನ್ನು
ಎಂಟು ಕ್ಯಾಮೆರಾಗಳು ಒಂದನ್ನೊಂದು ಕೇಳಿ ತಿಳಿಯುತ್ತವೆ.
ಪರದೆಯ ಮೇಲೆ ಬರುತ್ತದೆ: ದೋಷ, ಪಾಯಿಂಟ್ ಮೂರು ಮಿಲಿಮೀಟರ್.
ಸರಿ, ಒಳಗೆ ಕರೆಯಿರಿ ಅನ್ನುವಷ್ಟರಲ್ಲಿ
ಅದಿರಿನ ಗೂಡ್ಸು ಹೊರಟಿತು.
ಐವತ್ತೆಂಟು ಡಬ್ಬಿ. ಎಣಿಸಿದ್ದೇನೆ.
ನೆಲ ಸಣ್ಣಗೆ ಅದುರಿ ನಾಲ್ಕನೇ ಕ್ಯಾಮೆರಾದ ಕಾಲು
ಕೂದಲೆಳೆಯಷ್ಟು ಸರಿಯಿತು.
ಬಳ್ಳಾರಿ ಗುಡ್ಡ ಮಾತ್ರ ಕಿಟಕಿಯಾಚೆ
ಇದ್ದಲ್ಲೇ ಇತ್ತು.
ಮತ್ತೆ ಕೋಲು.

ಹೊನ್ನೂರ್‌ಬೀ ಅಷ್ಟೂ ಹೊತ್ತು ಬೆಂಚಿನ ಮೇಲೆ.
ಕೌಲ್ ಬಜಾರಿನ ಜೀನ್ಸ್ ಯೂನಿಟ್ಟು, ಹತ್ತೊಂಬತ್ತು ವರ್ಷ,
ಮೊದಲು ಹೊಲಿಗೆ, ಈಗ ಕಟಿಂಗು.
ಪೆಡಲು ತುಳಿದ ಬಲ ಮೊಣಕಾಲು
ಮೆಟ್ಟಿಲಿಳಿಯುವಾಗ ಮಾತಾಡುತ್ತದಂತೆ.
ಉಗುರಿನ ಸುತ್ತ ಹೋಗದ ನೀಲಿ.

ಹುಡುಗರನ್ನು ಹೊರಗೆ ಕಳಿಸಿ ಪರದೆ ಎಳೆದು
ಹೆಬ್ಬೆರಳಿಂದ ಮೂಳೆ ಹುಡುಕುತ್ತೇನೆ.
ಸೊಂಟದ ಮುಂಗೋಣ, ಮೊಣಕಾಲಿನ ಎರಡು ಗಂಟು, ಹಿಮ್ಮಡಿ.
ಬಾರಿಹಣ್ಣಿನ ಗಾತ್ರದ ಬೂದು ಗುಂಡು, ಒಟ್ಟು ಹದಿನಾರು.
"ಕಚಗುಳಿ ಆಗತೈತಿ" ಅಂದಳು, ನಗಲಿಲ್ಲ.

ನಡೆದಳು.
ಕತ್ತಲ ಪರದೆಯಲ್ಲಿ ಹದಿನೇಳು ಚುಕ್ಕೆ.
ಲೆಕ್ಕಕ್ಕಿಲ್ಲದ ಒಂದು, ಎಲ್ಲಕ್ಕಿಂತ ಮೇಲೆ,
ಒಮ್ಮೆ ಹೊತ್ತಿ, ಒಮ್ಮೆ ಆರಿ, ಅವಳ ಜೊತೆಗೇ ಬರುತ್ತಿದೆ.
ಮೂಗುಬಟ್ಟು.
"ಅಮ್ಮೀದು. ಬಿಚ್ಚಂಗಿಲ್ಲ."
ಬೇಡ ಬಿಡಿ, ನಾನೇ ಅಳಿಸುತ್ತೇನೆ ಅಂದೆ.
ಅಳಿಸಿದೆ.

ಅವಳಿಗೆ ಹೇಳಬೇಕಾಗಿರಲಿಲ್ಲ. ಹೇಳಿದೆ.
ಗುಂಡು ಎಲ್ಲಿದೆಯೆಂದು ಈ ಕ್ಯಾಮೆರಾಗಳಿಗೆ
ಕೂದಲಿನ ಲೆಕ್ಕದಲ್ಲಿ ಗೊತ್ತು.
ಆದರೆ ಗುಂಡು ಕೂತದ್ದು ಚರ್ಮದ ಮೇಲೆ,
ಚರ್ಮ ಕೊಬ್ಬಿನ ಮೇಲೆ, ಕೊಬ್ಬು ಸ್ನಾಯುವಿನ ಮೇಲೆ.
ಹಿಮ್ಮಡಿ ನೆಲಕ್ಕೆ ಬಡಿದಾಗ ತೊಡೆ ತುಳುಕುತ್ತದೆ,
ಗುಂಡು ಒಂದು ಸೆಂಟಿಮೀಟರು ಜಾರುತ್ತದೆ, ಒಮ್ಮೊಮ್ಮೆ ಎರಡು.
ಒಳಗಿನ ಮೂಳೆ ಎಲ್ಲಿತ್ತೋ
ನಾವು ಯಾರೂ ಕಂಡಿಲ್ಲ.

ಈಗ ನಕ್ಕಳು.

"ಇಷ್ಟಕ್ಕ ಎಂಟು ಕ್ಯಾಮೆರಾ ಏನ್ರೀ ಮೇಡಂ?
ಸೊಂಟ ಮೂವತ್ತು ಅಂದ್ರ
ನಾವು ಮೂವತ್ತಕ್ಕ ಕತ್ತರಿ ಹಾಕಂಗಿಲ್ಲ.
ಮನಷ್ಯಾ ಕುಂದರಬೇಕು, ಏಳಬೇಕು, ಉಣ್ಣಬೇಕು.
ಒಂದಿಂಚು ಸಡಿಲು ಬಿಡ್ತೀವಿ.
ಒಗದ್ರ ಡೆನಿಮ್ಮು ಕುಗ್ಗತೈತಿ, ಅದಕ್ಕೊಂದೀಟು.
ಎಷ್ಟು ಬಿಟ್ಟೀವಿ ಅನ್ನೋದು
ಪೇಪರಿನ ಮ್ಯಾಲೆ ಬರ್ದಿರ್ತೀವಿ.
ನೀವು ಬರಿಯಂಗಿಲ್ಲೇನು?"

ಹೋದ ವರ್ಷದ ವರದಿ ನೆನಪಾಯಿತು.
ಮೊಣಕಾಲಿನ ತಿರುವಿನಲ್ಲಿ ಎರಡು ಡಿಗ್ರಿ ವ್ಯತ್ಯಾಸ,
ಅದರ ಮೇಲೆ ನಾನು ಬರೆದ ಒಂದೂವರೆ ಪುಟ.
ಎರಡು ಡಿಗ್ರಿ!
ಬೆಳಿಗ್ಗೆ ಅಂಟಿಸಿದ್ದನ್ನು ಕಿತ್ತು
ಸಂಜೆ ಅದೇ ಗಂಟಿಗೆ ಅಂಟಿಸಿದರೆ
ನನ್ನ ಹೆಬ್ಬೆರಳೇ ಅದಕ್ಕಿಂತ ಹೆಚ್ಚು ತಪ್ಪುತ್ತದೆ.
ಹಾಳೆಯಲ್ಲಿ ಹೊಸ ಕಲಂ ಎಳೆದೆ.
ತಲೆಬರಹಕ್ಕೆ ಒಳ್ಳೆಯ ಶಬ್ದಗಳಿದ್ದವು.
ಸಡಿಲು ಎಂದೇ ಬರೆದೆ.

ಗುಂಡು ಕೀಳುವಾಗ ಒಂದೊಂದಕ್ಕೂ ಸಣ್ಣಗೆ ಉಸಿರೆಳೆದಳು.
ಬುರ್ಖಾ ಸರಿಮಾಡಿಕೊಂಡು, ಬಾಗಿಲಲ್ಲಿ ತಿರುಗಿ,
ಕಣ್ಣಲ್ಲೇ ಟೇಪು ಹಿಡಿದವಳ ಹಾಗೆ ನೋಡಿ
"ನಿಮ್ದು ಬಲಭುಜ ಅರ್ಧ ಇಂಚು ಇಳದೈತಿ" ಅಂದಳು.
"ಬ್ಯಾಗು ಆ ಕಡಿ ಹಾಕಬ್ಯಾಡ್ರಿ."

ಕರೆಂಟು ಹೋಗಿ ಬಂತು. ಮತ್ತೆ ಕೋಲು ಬೀಸಿದೆ.
ಯಾರೂ ಇಲ್ಲದ್ದು ನೋಡಿ
ನನ್ನ ಎರಡೂ ಭುಜಕ್ಕೆ ಒಂದೊಂದು ಗುಂಡು ಅಂಟಿಸಿ
ಎಂಟು ಕಣ್ಣಿನ ನಡುವೆ ನಿಂತೆ.
ಹನ್ನೊಂದು ಮಿಲಿಮೀಟರ್.
ಕಿತ್ತು ಅಂಟಿಸಿದರೆ ಹದಿನಾಲ್ಕು.
ಉಸಿರು ಬಿಟ್ಟು ನಿಂತರೆ ಒಂಬತ್ತು.
ಸರಾಸರಿ ತೆಗೆಯಲಿಲ್ಲ.

ಗುಂಡುಗಳನ್ನು ಒರೆಸಿ ಡಬ್ಬಿಗೆ ಹಾಕುತ್ತೇನೆ.
ದಿನವೂ ಒರೆಸಬೇಕು, ಇಲ್ಲದಿದ್ದರೆ ಮಂಕಾಗುತ್ತವೆ.
ಮುಚ್ಚಿದ ಕಿಟಕಿಯ ಒಳಗೂ
ಬಟ್ಟೆಗೆ ಹತ್ತಿದ್ದು ಕೆಂಪು.